ಬೆನಗಲ್: ಒಂದು ವಿರಳ ಮನೆತನದ ಹೆಸರಿನ ಮೂಲ ಮತ್ತು ಪ್ರಸಾರ

ಕರಾವಳಿ ಕರ್ನಾಟಕದ ಮನೆತನದ ಹೆಸರುಗಳಲ್ಲಿ 'ಬೆನಗಲ್' ಎಂಬುದು ಏಕಕಾಲಕ್ಕೆ ಸುಪ್ರಸಿದ್ಧವೂ ಅತಿ ವಿರಳವೂ ಆದ ಹೆಸರು. ಸಂವಿಧಾನ ಸಭೆಯ ಸಲಹೆಗಾರರೊಬ್ಬರು, ರಿಸರ್ವ್ ಬ್ಯಾಂಕಿನ ಗವರ್ನರೊಬ್ಬರು, ಮೊದಲನೆಯ ಲೋಕಸಭೆಯ ಸದಸ್ಯರೊಬ್ಬರು, ಹಿಂದಿ ಚಿತ್ರರಂಗದ ದಿಕ್ಕನ್ನೇ ಬದಲಿಸಿದ ನಿರ್ದೇಶಕರೊಬ್ಬರು ಈ ಹೆಸರಿನವರು. ಆದರೂ ಇದನ್ನು ಅಡ್ಡಹೆಸರಾಗಿ ಬಳಸುವವರು ಚಿತ್ರಾಪುರ ಸಾರಸ್ವತರೆಂಬ ಸಣ್ಣ ಸಮುದಾಯದ ಕೆಲವೇ ಕುಟುಂಬಗಳಲ್ಲಿ ಸಿಗುತ್ತಾರೆ. ಸಮುದಾಯವೇ ಚಿಕ್ಕದಾದ್ದರಿಂದ ಹೆಸರೂ ವಿರಳವಾಯಿತು ಎಂದು ಹೇಳಿ ಮುಗಿಸಬಹುದಾದರೂ, ದಾಖಲೆಗಳಲ್ಲಿ ಈ ಹೆಸರು ಕಾಣಿಸಿಕೊಳ್ಳುವ ಬಗೆಯನ್ನು ಗಮನಿಸಿದಾಗ ಆ ಕಾರಣ ಸಾಲದೆನಿಸುತ್ತದೆ. ಹೆಸರನ್ನು ಯಾವ ಕ್ರಮದಲ್ಲಿ ಬರೆಯಬೇಕೆಂಬ ಎರಡು ಪ್ರಾಂತೀಯ ಪದ್ಧತಿಗಳ ನಡುವೆ ಸಿಲುಕಿ, ಅದು ಕೆಲವರಲ್ಲಿ ಒಂದೇ ಅಕ್ಷರಕ್ಕೆ ಇಳಿದು ಮರುತಲೆಮಾರಿಗೆ ಮರೆಯಾಯಿತು, ಕೆಲವರಲ್ಲಿ ಮಾತ್ರ ಪೂರ್ಣರೂಪದಲ್ಲಿ ಉಳಿಯಿತು ಎಂಬುದು ಇಲ್ಲಿ ಮಂಡಿಸುವ ವಾದ.

ಬೆನಗಲ್ ಮೂಲತಃ ಒಂದು ಊರಿನ ಹೆಸರು. ಉಡುಪಿ ಜಿಲ್ಲೆಯ ಬ್ರಹ್ಮಾವರ ಭಾಗದ ಒಳನಾಡಿನಲ್ಲಿರುವ ಈ ಗ್ರಾಮದ ಹೆಸರು ಹಾನಗಲ್ಲು, ನರೇಗಲ್ಲುಗಳಂತೆ 'ಗಲ್' ಎಂದು ಮುಗಿಯುವ ಕನ್ನಡ ಸ್ಥಳನಾಮಗಳ ಸಾಲಿಗೆ ಸೇರುತ್ತದೆ. ಸ್ಥಳನಾಮದ ವ್ಯುತ್ಪತ್ತಿಗಿಂತ ಇಲ್ಲಿ ಮುಖ್ಯವಾಗುವುದು ಮತ್ತೊಂದು ಸಂಗತಿ: ಮನೆಯಲ್ಲಿ ಕೊಂಕಣಿ ಆಡುವ, ಕುಲದೇವತೆಯನ್ನು ಗೋವೆಯಲ್ಲಿ ಉಳ್ಳ ಜನ ಕನ್ನಡನಾಡಿನ ಊರಿನ ಹೆಸರನ್ನು ತಮ್ಮ ಗುರುತಾಗಿ ಧರಿಸಿದ್ದಾರೆ. ಆದ್ದರಿಂದ ಈ ಹೆಸರು ಕುಟುಂಬದ ಆದಿಮೂಲವನ್ನು ಹೇಳುವುದಿಲ್ಲ, ಅದರ ಎರಡನೆಯ ನೆಲೆಯನ್ನು ಹೇಳುತ್ತದೆ. ಮೊದಲ ನೆಲೆಯ ನೆನಪು ಮಂಗೇಶ, ಶಾಂತಾದುರ್ಗೆ ಮೊದಲಾದ ಗೋವೆಯ ಕುಲದೇವತೆಗಳಲ್ಲಿ ಉಳಿದುಕೊಂಡಿದೆ.

ಗೋವೆಯಲ್ಲಿ 16ನೇ ಶತಮಾನದಲ್ಲಿ ಪೋರ್ಚುಗೀಸರ ಆಳ್ವಿಕೆ ನೆಲೆಗೊಂಡು ಮತಾಂತರದ ಒತ್ತಡ ಹೆಚ್ಚಿದಾಗ ಸಾರಸ್ವತ ಬ್ರಾಹ್ಮಣರ ಅನೇಕ ಕುಟುಂಬಗಳು ದಕ್ಷಿಣದ ಕರಾವಳಿಗೆ ಸರಿದವು. ಅವರಲ್ಲಿ ವ್ಯಾಪಾರ ಹಿಡಿದವರು ಬಂದರುಪೇಟೆಗಳಲ್ಲಿ ನೆಲೆಸಿದರೆ, ಲೆಕ್ಕ-ಬರವಣಿಗೆ ಬಲ್ಲವರು ಕೆಳದಿ ನಾಯಕರ ಆಡಳಿತದಲ್ಲಿ ಶಾನುಭೋಗಿಕೆಯನ್ನು ಪಡೆದರು. ಊರಿನ ಭೂಮಿ, ಬೆಳೆ, ಕಂದಾಯಗಳ ಲೆಕ್ಕವನ್ನು ವಂಶಪಾರಂಪರ್ಯವಾಗಿ ಇಡುವ ಅಧಿಕಾರಿಯೇ ಶಾನುಭೋಗ. ಅವನ ಮುಖ್ಯ ಸಲಕರಣೆ ಕಡತ, ಅಂದರೆ ಕಪ್ಪು ಲೇಪ ಹಚ್ಚಿ ಗಟ್ಟಿಮಾಡಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕ. 1799ರಲ್ಲಿ ಕೆನರಾ ಪ್ರಾಂತವು ಈಸ್ಟ್ ಇಂಡಿಯಾ ಕಂಪನಿಯ ವಶವಾದಾಗ ಅದರ ಮೊದಲ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ ಇಲ್ಲಿನ ಹಳೆಯ ಭೂಕಂದಾಯದ ಚರಿತ್ರೆಯನ್ನು ಬರೆಯಲು ಆಧರಿಸಿದ್ದು ಇಂತಹ ಕಪ್ಪು ಪುಸ್ತಕಗಳನ್ನೇ.

ಒಂದು ಊರಿನ ಲೆಕ್ಕ ಒಂದೇ ಮನೆಯವರ ಕೈಯಲ್ಲಿ ತಲೆತಲಾಂತರ ಉಳಿದಾಗ, ಕೆಳದಿ ಅರಸರ ರಾಜಧಾನಿ ಬಿದನೂರಿನ ಕಚೇರಿಗೆ ಆ ಮನೆಯವರು ಊರಿನ ಹೆಸರಿನಿಂದಲೇ ಪರಿಚಿತರಾಗುವುದು ಸಹಜವಾಗಿತ್ತು. ಚಿತ್ರಾಪುರ ಸಾರಸ್ವತರ ಬಗ್ಗೆ 1977ರಲ್ಲಿ ಪುಸ್ತಕ ಪ್ರಕಟಿಸಿದ ಅಮೆರಿಕದ ಇತಿಹಾಸಕಾರ ಫ್ರಾಂಕ್ ಕಾನ್ಲನ್ ಈ ಸಮುದಾಯ ರೂಪುಗೊಂಡುದರಲ್ಲಿ ಗ್ರಾಮಾಧಿಕಾರಕ್ಕೂ ಆಡಳಿತದ ಉದ್ಯೋಗಕ್ಕೂ ದೊಡ್ಡ ಪಾತ್ರವಿತ್ತೆಂದು ತೋರಿಸಿದ್ದಾರೆ. ಸಮುದಾಯದ ಪರಂಪರೆಯಂತೆ 1708ರಲ್ಲಿ ಗೋಕರ್ಣದಲ್ಲಿ ಪರಿಜ್ಞಾನಾಶ್ರಮ ಸ್ವಾಮಿಗಳಿಂದ ಗುರುಪರಂಪರೆ ಆರಂಭವಾಗಿ, ಮುಂದೆ ಭಟ್ಕಳದ ಬಳಿಯ ಶಿರಾಲಿಯ ಚಿತ್ರಾಪುರ ಮಠವು ಅದರ ಕೇಂದ್ರವಾಯಿತು. ಗೌಡ ಸಾರಸ್ವತರಲ್ಲಿ ಪೈ, ಕಾಮತ್, ಶೆಣೈ, ಪ್ರಭು, ನಾಯಕ್ ಮುಂತಾದ ಬಿರುದುವಾಚಕಗಳೇ ಅಡ್ಡಹೆಸರುಗಳಾಗಿ ಉಳಿದರೆ, ಚಿತ್ರಾಪುರ ಸಾರಸ್ವತರಲ್ಲಿ ಊರಿನ ಹೆಸರುಗಳೇ ಮೇಲುಗೈ ಪಡೆದುದಕ್ಕೆ ಈ ಶಾನುಭೋಗಿಕೆಯ ಹಿನ್ನೆಲೆಯೇ ಮುಖ್ಯ ಕಾರಣವೆನ್ನಬೇಕು. ಬಸ್ರೂರು, ಕಲ್ಯಾಣಪುರ, ಉದ್ಯಾವರ, ಹಟ್ಟಿಯಂಗಡಿ, ಪಡುಕೋಣೆ, ಕಾರ್ನಾಡು, ಉಳ್ಳಾಲ, ಬಿಜೂರು, ಕಾಯ್ಕಿಣಿ, ಮುರ್ಡೇಶ್ವರ ಎಂದು ಈ ಸಮುದಾಯದ ಅಡ್ಡಹೆಸರುಗಳನ್ನು ಬರೆಯುತ್ತ ಹೋದರೆ ಹಳೆಯ ಕೆನರಾದ ಕರಾವಳಿಯ ಭೂಪಟವೇ ಸಿದ್ಧವಾಗುತ್ತದೆ. ಬೆನಗಲ್ ಆ ಭೂಪಟದ ಒಂದು ಚಿಕ್ಕ ಗ್ರಾಮ. ಕುಂದಾಪುರ, ಮಂಗಳೂರಿನಂತಹ ಪೇಟೆಗಳ ಹೆಸರು ಹೊತ್ತವರಿಗಿಂತ ಅದರ ಹೆಸರು ಹೊತ್ತವರು ಆರಂಭದಿಂದಲೇ ಕಡಿಮೆಯಿದ್ದಿರಬೇಕು.

ಊರಿನ ಹೆಸರು ಇರುವುದೆಲ್ಲ ಅಡ್ಡಹೆಸರಲ್ಲ ಎಂಬುದನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಕರಾವಳಿಯಲ್ಲಿ ಎಲ್ಲ ಜಾತಿಯವರೂ ಊರನ್ನೋ ಮನೆಯನ್ನೋ ಹೆಸರಿನ ಮುಂದೆ ಇಟ್ಟುಕೊಳ್ಳುವ ರೂಢಿಯಿದೆ. ಬನ್ನಂಜೆ ಗೋವಿಂದಾಚಾರ್ಯ, ಶೇಣಿ ಗೋಪಾಲಕೃಷ್ಣ ಭಟ್ಟ, ಕೆರೆಮನೆ ಶಂಭು ಹೆಗಡೆ ಮುಂತಾದ ಹೆಸರುಗಳು ಎಲ್ಲರಿಗೂ ಗೊತ್ತು. ಇವುಗಳಲ್ಲಿ ಹೆಚ್ಚಿನವು ವ್ಯಕ್ತಿ ಇಂತಲ್ಲಿಯವನು ಎಂದು ಹೇಳುವ ವಿಳಾಸಗಳು. ಊರು ಬಿಟ್ಟು ಎರಡು ಮೂರು ತಲೆಮಾರು ಕಳೆದ ಮೇಲೂ, ಆ ಊರನ್ನು ಕಣ್ಣಾರೆ ಕಾಣದವರ ಮಕ್ಕಳಿಗೂ ಹೆಸರು ಸಲ್ಲುತ್ತಿದ್ದರೆ ಮಾತ್ರ ಅದನ್ನು ಅಡ್ಡಹೆಸರೆಂದು ಕರೆಯಬಹುದು. ಚಿತ್ರಾಪುರ ಸಾರಸ್ವತರ ಊರಹೆಸರುಗಳು ಈ ಪರೀಕ್ಷೆಯಲ್ಲಿ ನಿಲ್ಲುತ್ತವೆ.

ನಿಂತರೂ ಒಂದೇ ರೂಪದಲ್ಲಿ ನಿಲ್ಲಲಿಲ್ಲ. ಕೆನರಾ ಜಿಲ್ಲೆಯನ್ನು ಉತ್ತರ ಮತ್ತು ದಕ್ಷಿಣವೆಂದು ವಿಭಜಿಸಿದ ಬ್ರಿಟಿಷ್ ಸರ್ಕಾರ 1862ರಲ್ಲಿ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿತು. ದಕ್ಷಿಣ ಕನ್ನಡವು ಮದರಾಸು ಪ್ರಾಂತದಲ್ಲೇ ಮುಂದುವರಿಯಿತು. ಹತ್ತಿ ಮತ್ತು ಬಂದರಿನ ವ್ಯವಹಾರಕ್ಕಾಗಿ ಎಳೆದ ಈ ಗೆರೆ ಹೆಸರುಗಳ ಮೇಲೆ ಎಂತಹ ಪರಿಣಾಮ ಬೀರಬಹುದೆಂದು ಯಾವ ಅಧಿಕಾರಿಯೂ ಯೋಚಿಸಿರಲಾರ. ಮುಂಬಯಿ ಪ್ರಾಂತದ ಕಚೇರಿ, ಶಾಲೆಗಳಲ್ಲಿ ಮೊದಲು ಸ್ವಂತ ಹೆಸರು, ನಡುವೆ ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಮರಾಠಿ ಕ್ರಮ ರೂಢಿಯಲ್ಲಿತ್ತು. ಮದರಾಸಿನಲ್ಲಿ ಊರಿನ ಹೆಸರು ಮೊದಲು ಬಂದು, ಕಾಲಕ್ರಮದಲ್ಲಿ ಇನಿಷಿಯಲ್ ಎನಿಸುವ ಒಂಟಿ ಅಕ್ಷರಕ್ಕೆ ಇಳಿಯುತ್ತಿತ್ತು. ಕೊನೆಯಲ್ಲಿ ಉಳಿಯುತ್ತಿದ್ದುದು ಸ್ವಂತ ಹೆಸರು ಮತ್ತು ರಾವ್, ಅಯ್ಯ ಮುಂತಾದ ಗೌರವವಾಚಕ.

ಮೂಲ್ಕಿಯ ಬಳಿಯ ಕಾರ್ನಾಡು ಎಂಬ ಒಂದೇ ಊರಿನ ಹೆಸರನ್ನು ಹೊತ್ತ ಇಬ್ಬರನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಮಂಗಳೂರಿನಲ್ಲಿ ಸ್ವಾತಂತ್ರ್ಯ ಹೋರಾಟಕ್ಕಾಗಿ ಆಸ್ತಿಯನ್ನೆಲ್ಲ ಕಳೆದುಕೊಂಡು 1937ರಲ್ಲಿ ತೀರಿಕೊಂಡವರು ಕಾರ್ನಾಡ ಸದಾಶಿವರಾವ್. ಅದರ ಮರುವರ್ಷ ಮಾಥೇರಾನಿನಲ್ಲಿ ಹುಟ್ಟಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಶಿರಸಿ, ಧಾರವಾಡಗಳಲ್ಲಿ ಬೆಳೆದ ನಾಟಕಕಾರ ಗಿರೀಶ ಕಾರ್ನಾಡ. ಹೆಸರು ಒಂದೇ, ಅದರ ಸ್ಥಾನ ಮಾತ್ರ ತಿರುಗುಮುರುಗು. ಪಂಜೆ ಮಂಗೇಶರಾಯರು, ಕುದ್ಮುಲ್ ರಂಗರಾಯರು ದಕ್ಷಿಣದ ಕ್ರಮಕ್ಕೂ, ಗೌರೀಶ ಕಾಯ್ಕಿಣಿಯವರು ಉತ್ತರದ ಕ್ರಮಕ್ಕೂ ಉದಾಹರಣೆಗಳು.

ಬೆನಗಲ್ ಗ್ರಾಮ ಆಗ ದಕ್ಷಿಣ ಕನ್ನಡದಲ್ಲಿದ್ದುದರಿಂದ ಅದರ ಹೆಸರು ಮದರಾಸಿನ ಕ್ರಮಕ್ಕೆ ಒಳಪಟ್ಟಿತು. ಇದರ ಪರಿಣಾಮ ಮಂಗಳೂರಿನ ವೈದ್ಯರೊಬ್ಬರ ಮೂವರು ಮಕ್ಕಳ ಹೆಸರುಗಳಲ್ಲಿ ಚೆನ್ನಾಗಿ ಕಾಣುತ್ತದೆ. ಬೆನಗಲ್ ನರಸಿಂಗ ರಾವ್ (1887–1953) ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ಮತ್ತು ಕೇಂಬ್ರಿಜ್‌ಗಳಲ್ಲಿ ಶಿಕ್ಷಣ ಮುಂದುವರಿಸಿ ಐಸಿಎಸ್ ಸೇರಿದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ, 1947ರ ಅಕ್ಟೋಬರಿನಲ್ಲಿ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದರು. ಭಾರತದಲ್ಲಿ ಅವರು ಬಿ. ಎನ್. ರಾವ್ ಎಂದೇ ಪರಿಚಿತರು. ಇಲ್ಲಿ ಬೆನಗಲ್ ಎಂಬುದು ಒಂದು ಅಕ್ಷರ ಮಾತ್ರ. ಆದರೆ ಅವರಿಗೆ ನೈಟ್ ಪದವಿ ದೊರೆತ ಮೇಲೆ ಮತ್ತೊಂದು ವಿಚಿತ್ರ ನಡೆಯಿತು. ಇಂಗ್ಲಿಷರ ರೂಢಿಯಲ್ಲಿ 'ಸರ್' ಎಂಬುದು ಸ್ವಂತ ಹೆಸರಿಗೆ ಹತ್ತಿ ಬರಬೇಕು, ಕೇವಲ ಅಡ್ಡಹೆಸರಿಗೆ ಹತ್ತುವಂತಿಲ್ಲ. ಮೊದಲು ಬರೆದ ಪದವೇ ಸ್ವಂತ ಹೆಸರೆಂದು ತಿಳಿದ ಅವರು ಇವರನ್ನು 'ಸರ್ ಬೆನಗಲ್' ಮಾಡಿಬಿಟ್ಟರು. ಕೊರಿಯಾ ಯುದ್ಧ ಸಿಡಿದ 1950ರ ಜೂನ್ ತಿಂಗಳಲ್ಲಿ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದಾಗಲೂ, 1952ರಿಂದ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದಾಗಲೂ ಅವರು ಸರ್ ಬೆನಗಲ್ ರಾವ್. ಬ್ರಹ್ಮಾವರದ ಒಳನಾಡಿನ ಒಂದು ಗ್ರಾಮ ಹೀಗೆ ವ್ಯಕ್ತಿಯ ಕರೆಯುವ ಹೆಸರಾಯಿತು. ತಾಯಿ ತಂದೆ ಇಟ್ಟ ನರಸಿಂಗ ಎಂಬ ಹೆಸರು ನಡುವಿನ ಇನಿಷಿಯಲ್ ಆಗಿ ಹಿಂದೆ ಸರಿಯಿತು.

ಎರಡನೆಯವರು ಬೆನಗಲ್ ರಾಮರಾವ್. 1949ರ ಜುಲೈಯಿಂದ 1957ರ ಜನವರಿಯವರೆಗೆ ರಿಸರ್ವ್ ಬ್ಯಾಂಕಿನ ಗವರ್ನರಾಗಿದ್ದು, ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿಯವರೊಂದಿಗಿನ ಭಿನ್ನಾಭಿಪ್ರಾಯದಿಂದ ರಾಜೀನಾಮೆ ಕೊಟ್ಟವರು. ಆ ಕಾಲದ ನೋಟುಗಳ ಮೇಲೆ ಅವರ ಸಹಿ 'ಬಿ. ರಾಮ ರಾವ್' ಎಂದು ಇಂಗ್ಲಿಷಿನಲ್ಲಿದೆ. ಗಣರಾಜ್ಯದ ಆರಂಭದ ವರ್ಷಗಳಲ್ಲಿ ದೇಶದ ಮೂಲೆಮೂಲೆಯಲ್ಲೂ ಕೈಯಿಂದ ಕೈಗೆ ಓಡಾಡಿದ ಈ ಮನೆತನದ ಹೆಸರು ಒಂದು ಅಕ್ಷರ ಮತ್ತು ಒಂದು ಚುಕ್ಕಿಯಷ್ಟೇ ಆಗಿತ್ತು. ಮೂರನೆಯವರಾದ ಪತ್ರಕರ್ತ ಬಿ. ಶಿವರಾವ್ ಸಂವಿಧಾನ ಸಭೆಯ ಸದಸ್ಯರಾಗಿದ್ದು, 1952ರಲ್ಲಿ ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆಯ್ಕೆಯಾದರು. ಅಣ್ಣನ ಬರಹಗಳನ್ನು ಸಂಪಾದಿಸಿ 1960ರಲ್ಲಿ ಪ್ರಕಟಿಸಿದವರೂ ಅವರೇ. ಆ ಪುಸ್ತಕದ ಮುಖಪುಟದ ವಿವರವನ್ನು ಗ್ರಂಥಾಲಯದ ಸೂಚಿಗೆ ಇಳಿಸುವವರಿಗೆ ಒಂದು ತೊಡಕು ಕಾದಿರುತ್ತದೆ: ಅಣ್ಣಂದಿರಿಬ್ಬರೂ ರಾವ್ ಎಂಬುದನ್ನು ಇಂಗ್ಲಿಷಿನಲ್ಲಿ 'ಯು' ಅಕ್ಷರದಿಂದ ಮುಗಿಸಿದರೆ, ತಮ್ಮ 'ಓ' ಅಕ್ಷರದಿಂದ ಮುಗಿಸಿದ್ದಾರೆ. ಒಡಹುಟ್ಟಿದವರನ್ನು ಒಟ್ಟಿಗೆ ಇಡಬಹುದಾಗಿದ್ದ ಬೆನಗಲ್ ಇನಿಷಿಯಲ್ಲಿನಲ್ಲಿ ಅಡಗಿರುವುದರಿಂದ, ಸೂಚಿಯಲ್ಲಿ ಅವರು ಬೇರೆ ಬೇರೆ ಮನೆತನದವರಂತೆ ದೂರ ದೂರ ಬೀಳುತ್ತಾರೆ.

ರಾಮರಾಯರ ಸಂಸಾರದಲ್ಲಿ ಮರೆವು ಪೂರ್ಣವಾಯಿತು. ಅವರ ಪತ್ನಿ, ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಕಾಶ್ಮೀರಿ ಕುಟುಂಬದಲ್ಲಿ 1893ರಲ್ಲಿ ಹುಟ್ಟಿ, 1949ರಲ್ಲಿ ಭಾರತೀಯ ಕುಟುಂಬ ಯೋಜನಾ ಸಂಘವನ್ನು ಕಟ್ಟಿದ ಧನವಂತಿ ರಾಮರಾವ್; ಮಗಳು, ಇ. ಎಂ. ಫಾರ್ಸ್ಟರನ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯನ್ನು ರಂಗಕ್ಕೆ ತಂದ ಇಂಗ್ಲಿಷ್ ಲೇಖಕಿ ಶಾಂತಾ ರಾಮರಾವ್. ಗಂಡನ, ತಂದೆಯ ಸ್ವಂತ ಹೆಸರೇ ಇಲ್ಲಿ ಅಡ್ಡಹೆಸರಿನ ಜಾಗದಲ್ಲಿ ಕುಳಿತಿದೆ. ಬೆನಗಲ್ ಇನಿಷಿಯಲ್ಲಾಗಿಯೂ ಉಳಿದಿಲ್ಲ. ಮನೆತನ ಅಳಿಯದೆ ಅದರ ಹೆಸರು ಮಾತ್ರ ಅಳಿಯುವ ಈ ಕ್ರಿಯೆಯನ್ನು ಗಣನೆಗೆ ತೆಗೆದುಕೊಳ್ಳದೆ ಅಡ್ಡಹೆಸರುಗಳ ವಿರಳತೆಯನ್ನು ಜನಸಂಖ್ಯೆಯಿಂದಷ್ಟೇ ವಿವರಿಸುವುದು ಸರಿಯಾಗದು.

ಊರು ಬಿಟ್ಟು ಮದರಾಸು ಪದ್ಧತಿಯ ವಲಯದಿಂದ ಹೊರಗೆ ಬೆಳೆದವರಲ್ಲಿ ಹೆಸರು ಉಳಿದುಕೊಂಡಿತು. 1934ರ ಡಿಸೆಂಬರ್ 14ರಂದು ಸಿಕಂದರಾಬಾದಿನ ತಿರುಮಲಗಿರಿಯಲ್ಲಿ ಛಾಯಾಗ್ರಾಹಕರೊಬ್ಬರ ಮಗನಾಗಿ ಹುಟ್ಟಿದ ಶ್ಯಾಮ್ ಬೆನಗಲ್ 1974ರ 'ಅಂಕುರ್' ಚಿತ್ರದಿಂದ ಪ್ರಸಿದ್ಧರಾದಾಗ ಆ ಹೆಸರು ಮೊದಲ ಬಾರಿಗೆ ಸಾಮಾನ್ಯ ಪ್ರೇಕ್ಷಕನ ನಾಲಗೆಗೆ ಪೂರ್ಣರೂಪದಲ್ಲಿ ಬಂತು. ಹೈದರಾಬಾದು ಮುಂಬಯಿ ಪ್ರಾಂತಕ್ಕೆ ಸೇರಿರಲಿಲ್ಲವಾದ್ದರಿಂದ 1862ರ ಗೆರೆಯೊಂದೇ ಎಲ್ಲವನ್ನೂ ನಿರ್ಧರಿಸಿತೆಂದು ಹೇಳಲಾಗದು; ಮದರಾಸಿನ ಒತ್ತಡ ಇಲ್ಲದ ಕಡೆ ಹೆಸರು ಕೊನೆಯಲ್ಲಿ ನಿಲ್ಲುವ ಅವಕಾಶ ಹೆಚ್ಚಿತ್ತೆಂಬಷ್ಟನ್ನು ಹೇಳಬಹುದು. 1994ರಲ್ಲಿ 'ಇಂಗ್ಲಿಷ್, ಆಗಸ್ಟ್' ನಿರ್ದೇಶಿಸಿದ ದೇವ್ ಬೆನಗಲ್ ಇದೇ ಹೆಸರಿನ ಮುಂದಿನ ತಲೆಮಾರಿನವರು. ಶ್ಯಾಮ್ ಬೆನಗಲ್ಲರ 'ನಿಶಾಂತ್' ಮತ್ತು 'ಮಂಥನ್' ಚಿತ್ರಗಳ ತಾರಾಪಟ್ಟಿಯಲ್ಲಿ ಗಿರೀಶ ಕಾರ್ನಾಡರ ಹೆಸರಿರುವುದರಿಂದ ಹಳೆಯ ದಕ್ಷಿಣ ಕನ್ನಡದ ಎರಡು ಊರುಗಳು ಹಿಂದಿ ಸಿನಿಮಾದ ಪರದೆಯ ಮೇಲೆ ಜೊತೆಯಾಗಿ ಕಂಡವು. ಬಂಧುತ್ವದಿಂದ ಬೆನಗಲ್ಲರಿಗೆ ಹತ್ತಿರದವರಾದ ಗುರುದತ್ ಮಾತ್ರ ಹುಟ್ಟಿನಿಂದ ಪಡುಕೋಣೆಯವರಾದರೂ ಚಿತ್ರರಂಗದಲ್ಲಿ ಅದನ್ನು ಕೈಬಿಟ್ಟರು. ಆ ಊರಿನ ಹೆಸರನ್ನು ಜಗತ್ತಿಗೆ ತಿಳಿಸಿದ್ದು 1980ರಲ್ಲಿ ಆಲ್ ಇಂಗ್ಲೆಂಡ್ ಬ್ಯಾಡ್ಮಿಂಟನ್ ಪ್ರಶಸ್ತಿ ಗೆದ್ದ ಪ್ರಕಾಶ್ ಪಡುಕೋಣೆ. 2014ರಲ್ಲಿ ಶ್ಯಾಮ್ ಬೆನಗಲ್ ರಾಜ್ಯಸಭಾ ಟಿವಿಗಾಗಿ 'ಸಂವಿಧಾನ್' ಧಾರಾವಾಹಿಯನ್ನು ನಿರ್ದೇಶಿಸಿದರು. ಸಂವಿಧಾನದ ಮೊದಲ ಕರಡನ್ನು ಬರೆದವರ 'ಬಿ.' ಅಕ್ಷರವೂ ನಿರ್ದೇಶಕರ ಅಡ್ಡಹೆಸರೂ ಒಂದೇ ಎಂಬುದು ಎಷ್ಟು ಪ್ರೇಕ್ಷಕರಿಗೆ ಹೊಳೆದಿರಬಹುದು!

ಈ ಹೆಸರಿನ ವ್ಯಾಪ್ತಿಯನ್ನು ಅಳೆಯಲು ಹೊರಡುವವರು ಇದಕ್ಕೆ ತಕ್ಕ ಎಚ್ಚರ ವಹಿಸಬೇಕಾಗುತ್ತದೆ. ಭಾರತದ ಜನಗಣತಿ ಅಡ್ಡಹೆಸರುಗಳ ಪಟ್ಟಿಯನ್ನು ಪ್ರಕಟಿಸುವುದಿಲ್ಲ. ಆದ್ದರಿಂದ ಮುಂಬಯಿಯಲ್ಲಿ 1911ರಲ್ಲಿ ಹುಟ್ಟಿದ ಕೆನರಾ ಸಾರಸ್ವತ ಅಸೋಸಿಯೇಷನ್ನಿನಂತಹ ಸಂಸ್ಥೆಗಳ ದಾಖಲೆ, ಮಠದ ದಾಖಲೆ, ಸಹಕಾರಿ ಸಂಘಗಳ ಸದಸ್ಯಪಟ್ಟಿಗಳನ್ನು ಆಶ್ರಯಿಸಬೇಕು. ಇವುಗಳಲ್ಲಿ ಕನ್ನಡದಲ್ಲೇ ಬೆನಗಲ್, ಬೆನೆಗಲ್ ಎಂಬ ಎರಡು ರೂಪಗಳು ಸಿಗುತ್ತವೆ. ಒಂದೇ ಊರಹೆಸರು ಇರುವವರೆಲ್ಲ ಒಂದೇ ರಕ್ತದವರೆಂದು ತಿಳಿಯುವುದೂ ಅಪಾಯಕರ, ಏಕೆಂದರೆ ಊರಿನ ಹೆಸರು ನೆಲೆಯಿಂದ ಬಂದದ್ದೇ ಹೊರತು ವಂಶದಿಂದಲ್ಲ. ವಂಶದ ಸಂಬಂಧವನ್ನು ಗೋತ್ರ ಮತ್ತು ಕುಲದೇವತೆಗಳನ್ನು ಜೊತೆಗಿಟ್ಟು ನೋಡಿಯೇ ನಿರ್ಣಯಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೆಸರಿನ ಕೊನೆಯಲ್ಲಿ ಬೆನಗಲ್ ಎಂದಿರುವವರನ್ನು ಮಾತ್ರ ಎಣಿಸಿದರೆ ಬಿ. ಎನ್. ರಾವ್ ಆ ಲೆಕ್ಕಕ್ಕೆ ಸಿಗುವುದಿಲ್ಲ. ಇನಿಷಿಯಲ್ಲುಗಳನ್ನೂ ಬಿಡಿಸಿ ಎಣಿಸಿದರೆ ಶಾಂತಾ ರಾಮರಾವ್ ಸಿಗುವುದಿಲ್ಲ. ಪಾಸ್‌ಪೋರ್ಟಿನ ಅರ್ಜಿಯಲ್ಲಿ ಅಡ್ಡಹೆಸರಿಗೆ ಬೇರೆಯದೇ ಕಲಂ ಇರುವುದರಿಂದ ದಕ್ಷಿಣದ ಅನೇಕರು ಇನಿಷಿಯಲ್ಲನ್ನು ಬಿಡಿಸಿ ಅಲ್ಲಿ ತುಂಬುವುದು ಇಂದು ಸಾಮಾನ್ಯವಾಗಿದೆ. ಒಂದೆರಡು ತಲೆಮಾರು ಒಂಟಿ ಅಕ್ಷರವಾಗಿದ್ದ ಊರಿನ ಹೆಸರುಗಳು ಹೀಗೆ ಪರದೇಶಕ್ಕೆ ಹೊರಟವರ ಕಾಗದಪತ್ರಗಳಲ್ಲಿ ಮತ್ತೆ ಪೂರ್ಣರೂಪ ಪಡೆಯುತ್ತಿರುವುದರಿಂದ, ಮುಂದಿನ ಎಣಿಕೆಗಳಲ್ಲಿ ಇಂತಹ ಅಡ್ಡಹೆಸರುಗಳ ಸಂಖ್ಯೆ ಏರಿದ್ದು ಕಂಡರೆ ಅದನ್ನು ಕುಟುಂಬಗಳ ಬೆಳವಣಿಗೆಯೆಂದು ತಕ್ಷಣ ಓದುವಂತಿಲ್ಲ.