ವೀರಮ್ಮಾಜಿ, ಕೆಳದಿಯ

ಕೆಳದಿ ಅರಸುಮನೆತನದ ಕೊನೆಯ ರಾಣಿ. ಆಳ್ವಿಕೆ 1757ರಿಂದ 1763ರವರೆಗೆ. ರಾಜಧಾನಿ ಬಿದನೂರು, ಅಂದರೆ ಇಂದಿನ ಶಿವಮೊಗ್ಗ ಜಿಲ್ಲೆಯ ನಗರ. ಮೈಸೂರಿನ ಹೈದರಾಲಿಯ ದಾಳಿಯಲ್ಲಿ ರಾಜ್ಯ ಕಳೆದುಕೊಂಡು, ದತ್ತುಮಗನೊಂದಿಗೆ ಮಧುಗಿರಿ ಕೋಟೆಯಲ್ಲಿ ಸುಮಾರು ನಾಲ್ಕು ವರ್ಷ ಸೆರೆಯಲ್ಲಿದ್ದಳು.

ಈಕೆ ಇಮ್ಮಡಿ ಬಸಪ್ಪನಾಯಕನ ಪತ್ನಿ. ಗಂಡ 1755ರಲ್ಲಿ ತೀರಿಕೊಂಡ. ಬಳಿಕ ಪಟ್ಟಕ್ಕೆ ಬಂದ ದತ್ತುಪುತ್ರ ಚನ್ನಬಸಪ್ಪನಾಯಕ ಎರಡೇ ವರ್ಷದಲ್ಲಿ ಸತ್ತ. ಅದು ಕೊಲೆ, ಅದರಲ್ಲಿ ರಾಣಿಯ ಮತ್ತು ಆಕೆಯ ಆಪ್ತ ನಿಂಬಯ್ಯನ ಕೈವಾಡವಿತ್ತು ಎಂಬ ಕಥೆ ವಿಲ್ಕ್ಸ್, ರೈಸ್ ಮುಂತಾದ ಇಂಗ್ಲಿಷರ ಬರಹಗಳಲ್ಲಿ ನಿಶ್ಚಿತ ಸಂಗತಿಯಂತೆ ಬರುತ್ತದೆ. ರಾಣಿಯ ನಡತೆಯ ಮೇಲಿನ ಈ ಆರೋಪ ಗೆದ್ದವರಿಗೆ ಅನುಕೂಲವಾಗಿತ್ತೆಂಬುದನ್ನು ಮರೆಯದೆ ಅದನ್ನು ಓದಬೇಕು. ಅನಂತರ ಈಕೆ ಸೋಮಶೇಖರನೆಂಬ ಹುಡುಗನನ್ನು ದತ್ತು ತೆಗೆದುಕೊಂಡು ಅವನ ಹೆಸರಿನಲ್ಲಿ ಆಳಿದಳು.

ಸತ್ತನೆನ್ನಲಾದ ಚನ್ನಬಸಪ್ಪ ನಾನೇ ಎಂದು ಹೇಳಿಕೊಂಡು ಒಬ್ಬಾತ ಚಿತ್ರದುರ್ಗದ ಪಾಳೆಯಗಾರನ ಆಸರೆಯಲ್ಲಿ ಹೈದರನ ಬಳಿ ಬಂದದ್ದು ದಾಳಿಗೆ ನೆಪವಾಯಿತು. ಹೈದರನ ಸಿಪಾಯಿಗಳು ಅವನನ್ನು ಗೇಲಿಯಿಂದ ‘ಗೈಬು ರಾಜ’ (ಮಾಯವಾಗಿದ್ದ ರಾಜ) ಎಂದು ಕರೆಯುತ್ತಿದ್ದರಂತೆ. 1763ರ ಆರಂಭದಲ್ಲಿ ಸೈನ್ಯ ಶಿವಮೊಗ್ಗ ದಾಟಿತು. ಮಲೆನಾಡಿನ ಕಾಡು ಮತ್ತು ಗಡಿಬಾಗಿಲುಗಳನ್ನು ನಂಬಿದ್ದ ರಾಣಿ ದಂಡು ಕಳಿಸುವ ಬದಲು ದೂತರನ್ನು ಕಳಿಸಿದಳು. ಲಕ್ಷಗಟ್ಟಲೆ ವರಹ ಕೊಡುತ್ತೇವೆ, ಹಿಂದಿರುಗಿ ಎಂಬುದು ಸಂಧಾನದ ಮಾತು. ಹೈದರ್ ಹತ್ತಿರವಾದಂತೆ ಮೊತ್ತವೂ ಏರಿತು. ಮೊತ್ತ ಏರಿದಷ್ಟೂ ಒಳಗೆ ಇನ್ನೆಷ್ಟಿದೆಯೋ ಎಂಬ ಆಸೆ ಅವನಲ್ಲಿ ಬೆಳೆದಿರಬೇಕು. ಸಂಧಾನವೇ ಖಜಾನೆಯ ಗುಟ್ಟು ಬಿಟ್ಟುಕೊಟ್ಟಿತು. ಆ ಹೊತ್ತಿಗೆ ಕುಂಸಿಯಲ್ಲಿ ಸೆರೆಯಲ್ಲಿದ್ದ ಹಳೆಯ ಮಂತ್ರಿ ಲಿಂಗಣ್ಣ ರಾಜಧಾನಿಯ ಕಳ್ಳದಾರಿಯನ್ನು ಹೈದರನಿಗೆ ತಿಳಿಸಿದ್ದ. ಗಡಿಬಾಗಿಲುಗಳಲ್ಲಿ ಹೋರಾಟ ನಡೆಯುತ್ತಿದ್ದಾಗಲೇ ಒಂದು ತುಕಡಿ ಆ ದಾರಿಯಿಂದ ಊರೊಳಗೆ ಬಂತು. ಅರಮನೆಗೆ ಬೆಂಕಿ ಬಿತ್ತು. ಜನ ಕಾಡು ಸೇರಿದರು. ರಾಣಿ ಮಗನೊಂದಿಗೆ ದಕ್ಷಿಣದ ಬಲ್ಲಾಳರಾಯನದುರ್ಗಕ್ಕೆ ಓಡಿ, ಅಲ್ಲಿ ಸಿಕ್ಕಿಬಿದ್ದಳು. ಬಿದನೂರು ಹೈದರ್‌ನಗರವಾಯಿತು.

ರಾಣಿ, ಸೋಮಶೇಖರ, ನಿಂಬಯ್ಯ ಮೂವರನ್ನೂ ಮಧುಗಿರಿಗೆ ಕಳಿಸಲಾಯಿತು. ಪಟ್ಟ ಕಟ್ಟುವೆನೆಂದು ನಂಬಿಸಿ ಕರೆತಂದಿದ್ದ ಗೈಬು ರಾಜನನ್ನೂ ಹೈದರ್ ಅದೇ ಸೆರೆಗೆ ತಳ್ಳಿದ. ಸಿಂಹಾಸನಕ್ಕಾಗಿ ಕಾದಾಡಿದವರೆಲ್ಲ ಹೀಗೆ ಒಂದೇ ಬಂಡೆಯ ಮೇಲೆ ಕೂಡಿದರು.

ಆಗ ಮದ್ದಗಿರಿ ಎಂದೂ ಹೆಸರಿದ್ದ ಮಧುಗಿರಿ, ಸೆರೆಗೆ ಹೇಳಿಮಾಡಿಸಿದ ಜಾಗ. ಸಮುದ್ರಮಟ್ಟದಿಂದ 3,900 ಅಡಿಗೂ ಎತ್ತರಕ್ಕೆ ಒಂದೇ ಕಲ್ಲಿನ ಬೆಟ್ಟ. ಅಂತರಾಳದ ಬಾಗಿಲು, ದಿಡ್ಡಿಬಾಗಿಲು, ಮೈಸೂರು ಬಾಗಿಲು ಎಂದು ಒಂದಾದ ಮೇಲೊಂದು ಬಾಗಿಲುಗಳು. ಮೇಲಿನ ಹಂತದಲ್ಲಿ ಬೋಳುಬಂಡೆಯ ಮೈಗೆ ಕೊರೆದ, ಹೆಜ್ಜೆಯೂರಲು ಸಾಲುವಷ್ಟೇ ಅಗಲದ ಮೆಟ್ಟಿಲು. ಮಳೆಗಾಲದ ನಾಡಿನಿಂದ ಬಂದವರ ಕಣ್ಣಿಗೆ ಕಾಣುತ್ತಿದ್ದುದು ಕೆಳಗಿನ ಒಣ ಬಯಲು, ದೂರದ ಕುರುಚಲು ಗುಡ್ಡಗಳು. ಸ್ಥಳೀಯ ಪಾಳೆಯಗಾರರು ಕಟ್ಟಿದ ಈ ಕೋಟೆಯನ್ನು 1678ರಲ್ಲಿ ಚಿಕ್ಕದೇವರಾಜ ಒಡೆಯರ ಸೈನ್ಯ ಗೆದ್ದಿತ್ತು. ಹೈದರ್ ಅದನ್ನು ಇನ್ನೂ ಬಲಪಡಿಸಿದ.

ಇದು ಗಡಿಸೀಮೆ. ಶಿರಾ 1687ರಿಂದ ಮೊಗಲರ ಸುಬೆಯ ಕೇಂದ್ರ; 1761ರಲ್ಲಿ ಹೈದರನ ಪಾಲಾದದ್ದು. ಕೊರಟಗೆರೆಯ ಬಳಿ ಚನ್ನರಾಯನದುರ್ಗ, ಉತ್ತರಕ್ಕೆ ಪಾವಗಡದ ಕೋಟೆ. ಉತ್ತರದಿಂದ ಬಂದ ಸೈನ್ಯಗಳೆಲ್ಲ ಈ ಕೋಟೆಗಳನ್ನು ಎದುರಿಸಿಯೇ ಮೈಸೂರಿನತ್ತ ನಡೆಯಬೇಕಿತ್ತು. 1767ರಲ್ಲಿ ಮರಾಠರ ಪೇಶ್ವೆ ಮಾಧವರಾವ್ ಹಾಗೆಯೇ ಬಂದ. ಶಿರಾವನ್ನು ಕಾಯುತ್ತಿದ್ದ ಹೈದರನ ಭಾವಮೈದುನ ಮೀರ್ ಅಲಿ ರಜಾ ಕೋಟೆಯನ್ನು ಒಪ್ಪಿಸಿ ಪೇಶ್ವೆಯ ಕಡೆ ಸೇರಿದ. ಮುಂದೆ ಮಧುಗಿರಿಯೂ ಬಿತ್ತು. ರಾಣಿಯ ಸೆರೆ ಬಿಟ್ಟಿತು. 1689ರಲ್ಲಿ ಮೊಗಲರಿಂದ ತಪ್ಪಿಸಿಕೊಂಡು ಹೋಗುತ್ತಿದ್ದ ಶಿವಾಜಿಯ ಮಗ ರಾಜಾರಾಮನಿಗೆ ಕೆಳದಿಯ ಹಿಂದಿನ ರಾಣಿ ಚೆನ್ನಮ್ಮ ಆಶ್ರಯ ಕೊಟ್ಟಿದ್ದಳು. ಆ ಋಣದ ನೆನಪಿನಿಂದಲೇ ಮರಾಠರು ವೀರಮ್ಮಾಜಿಯನ್ನು ಬಿಡುಗಡೆ ಮಾಡಿದರೆನ್ನುವುದಕ್ಕಿಂತ, ಹೈದರನ ವಿರುದ್ಧ ಹೂಡಲು ಬಿದನೂರಿನ ವಾರಸುದಾರರು ಒಳ್ಳೆಯ ದಾಳ ಎನ್ನುವುದು ಹೆಚ್ಚು ಒಪ್ಪುವ ಮಾತು.

  

ಬಿಡುಗಡೆಯಿಂದ ವೀರಮ್ಮಾಜಿಗೆ ರಾಜ್ಯ ಮರಳಲಿಲ್ಲ. ಆಕೆಯನ್ನೂ ಜೊತೆಯವರನ್ನೂ ಮರಾಠರು ಪುಣೆಗೆ ಕರೆದೊಯ್ದರು. ದಾರಿಯಲ್ಲೇ ರಾಣಿ ತೀರಿಕೊಂಡಳು. 1774ರಲ್ಲಿ ಮಧುಗಿರಿ ಮತ್ತೆ ಹೈದರನ ಕೈಸೇರಿತು.