ವಿಠ್ಠಲ ಬಜಾರಿನ ಬ್ಯಾಟರಿ ಗಾಡಿ



ನಮ್ಮ ಹೊಗೆನಕಲ್ಲಿನ ಹರಿಗೋಲು ನಿಮಗೆ ಹೊಸದಲ್ಲ. ಕನ್ನಡದಲ್ಲಿ ಹರಿಗೋಲು ಎನ್ನಿ, ತಮಿಳಿನಲ್ಲಿ ಪರಿಸಲ್ ಎನ್ನಿ, ಅದು ಸುತ್ತುವುದು ಒಂದೇ ಸುತ್ತು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ಗೆ ಮಾತ್ರ ಅದು ದೊಡ್ಡ ಸೋಜಿಗ. ಆನೆಗೊಂದಿಗೆ ಹೊಳೆ ದಾಟುವವರು ಬುಟ್ಟಿಯಂತೆ ದುಂಡಗಿನ, ಹೊರಗೆ ತೊಗಲು ಹೊದಿಸಿದ ದೋಣಿಗಳಲ್ಲಿ ಕೂರುತ್ತಾರೆ, ಅವು ನೆಟ್ಟಗೆ ಹೋಗದೆ ಗಿರಗಿರನೆ ತಿರುಗುತ್ತವೆ ಎಂಬರ್ಥದಲ್ಲಿ ಬರೆದಿಟ್ಟ. ಆ ನಗರವೇ ಇಂದಿನ ಹಂಪಿ. ಅಲ್ಲಿಯ ಇನ್ನೊಂದು ಸವಾರಿಯ ವಿಚಾರ ನಿಮಗೆ ಹೇಳಬೇಕಾಗಿದೆ.

ಹಂಪಿ 1986ರಲ್ಲಿ ವಿಶ್ವಪರಂಪರೆಯ ತಾಣವಾಯಿತು. ಅಲ್ಲಿ ವಿಜಯ ವಿಠ್ಠಲ ದೇವಾಲಯದವರೆಗೆ ನಿಮ್ಮ ಕಾರು, ವ್ಯಾನು ಹೋಗುವಂತಿಲ್ಲ. ಹೊಗೆ, ಧೂಳು, ಅದುರಾಟ ಇವುಗಳಿಂದ ಕಲ್ಲಿಗೆ ಕೇಡು. ಗೆಜ್ಜಲ ಮಂಟಪದ ಬಳಿ ವಾಹನ ನಿಲ್ಲಿಸಿ, ಗಾಲ್ಫ್ ಮೈದಾನದಲ್ಲಿ ಓಡಿಸುವಂಥ ಬ್ಯಾಟರಿ ಗಾಡಿಗೆ ಚೀಟಿ ಪಡೆಯಬೇಕು. ದೂರ ಸುಮಾರು ಒಂದು ಕಿಲೋಮೀಟರ್. ಗಾಡಿ ನಡೆಸುವವರಲ್ಲಿ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳನ್ನು ಕಂಡು ನನಗೆ ಬಹಳ ಸಂತೋಷವಾಯಿತು. ಗೈಡ್ ಬೇಕಿದ್ದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇರುವವರನ್ನೇ ಕೇಳಿ.

ಗಾಡಿ ಹೊರಟ ಕೂಡಲೇ ಎಲ್ಲರೂ ಮುಂದಿನ ಗೋಪುರವನ್ನೇ ನೋಡುತ್ತಾರೆ. ನೀವು ಹಾಗೆ ಮಾಡಬೇಡಿ. ಗಾಡಿ ಉರುಳುತ್ತಿರುವ ಈ ದಾರಿಯೇ ವಿಠ್ಠಲ ಬಜಾರು, ಎಂದರೆ ದೇವರ ತೇರುಬೀದಿ, ಜೊತೆಗೆ ಪೇಟೆ. ಇಕ್ಕೆಲಗಳಲ್ಲಿ ನಿಂತಿರುವ ಕಲ್ಲುಕಂಬಗಳ ಸಾಲು ಅಂಗಡಿ ಮಂಟಪಗಳದು. ನಡುವೆ ಕುದುರೆಗೊಂಬೆ ಮಂಟಪ ಬರುತ್ತದೆ. ಅದರ ಕಂಬಗಳಲ್ಲಿ ಸವಾರರನ್ನು ಕೆತ್ತಿದ್ದಾರೆ. ಇಲ್ಲಿ ಕುದುರೆ ಸಂತೆ ನಡೆಯುತ್ತಿತ್ತೆಂದು ಗೈಡ್ ಹೇಳುತ್ತಾರೆ.

ಕುದುರೆಯ ಲೆಕ್ಕ ಸಾಮಾನ್ಯದ್ದಲ್ಲ. ವಿಜಯನಗರದ ಅರಸ ವರ್ಷಕ್ಕೆ ಹದಿಮೂರು ಸಾವಿರ ಕುದುರೆ ಕೊಳ್ಳುತ್ತಿದ್ದನೆಂದು ಮತ್ತೊಬ್ಬ ಪೋರ್ಚುಗೀಸ್ ಬರಹಗಾರ ಫರ್ನಾವೊ ನೂನಿಜ್ ಬರೆದಿದ್ದಾನೆ. ಅದಕ್ಕೂ ಹಿಂದೆ ಸಾಳುವ ನರಸಿಂಹನ ಕಾಲದಲ್ಲಿ ಹೋರ್ಮುಜ್, ಏಡನ್ ಕಡೆಯಿಂದ ಹಡಗಿನಲ್ಲಿ ಬರುತ್ತಿದ್ದ ಕುದುರೆಗಳಿಗೆ ಮೂರಕ್ಕೆ ಸಾವಿರ ಪರ್ದಾವ್ ದರವಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೆ ಅದಕ್ಕೂ ಪೂರಾ ಹಣ! ಜೀವನವೆಲ್ಲ ಬ್ಯಾಂಕಿನಲ್ಲಿ ಲೆಡ್ಜರು ಬರೆದ ನನಗೆ ಇಂಥ ವೋಚರು ಎಲ್ಲೂ ಸಿಕ್ಕಿರಲಿಲ್ಲ. ಆದರೆ ಯೋಚಿಸಿ ನೋಡಿದರೆ ರಾಜ ಮಾಡಿದ್ದು ದಡ್ಡತನವಲ್ಲ. ದಾರಿಯ ನಷ್ಟ ಅವನೇ ಹೊತ್ತರೆ ವರ್ತಕ ಮರುವರ್ಷವೂ ಕುದುರೆಯನ್ನು ಇವನಿಗೇ ತರುತ್ತಾನೆ, ಶತ್ರುವಿಗಲ್ಲ. ನಾವು ಈಗ ವಿಮೆ ಎನ್ನುವುದು ಇನ್ನೇನು?

ದೇವಾಲಯದೊಳಗೆ ಕಲ್ಲಿನ ತೇರಿದೆ. 2017ರಲ್ಲಿ ಬಂದ ಐವತ್ತು ರೂಪಾಯಿ ನೋಟಿನ ಹಿಂಬದಿಯಲ್ಲಿ ಅದೇ ಚಿತ್ರ. ಜೇಬಿನಲ್ಲಿದ್ದರೆ ತೆಗೆದು ಹೋಲಿಸಿ ನೋಡಿ. ಅದು ನಿಜಕ್ಕೂ ತೇರಲ್ಲ, ಗರುಡನ ಗುಡಿ. 1856ರಲ್ಲಿ ಗ್ರೀನ್‌ಲಾ ಎಂಬಾತ ತೆಗೆದ ಫೋಟೋದಲ್ಲಿ ಅದರ ಮೇಲೆ ಇಟ್ಟಿಗೆಯ ಶಿಖರವಿದೆ, ಈಗ ಇಲ್ಲ. ಸಂಗೀತದ ಕಂಬಗಳ ಗುಟ್ಟು ತಿಳಿಯಲು ಇಂಗ್ಲಿಷರು ಎರಡು ಕಂಬ ಕತ್ತರಿಸಿದರೆಂಬ ಕತೆಯನ್ನೂ ಗೈಡ್ ಹೇಳುತ್ತಾರೆ. ದಾಖಲೆ ಕಾಣುವವರೆಗೆ ಅದನ್ನು ಸಸ್ಪೆನ್ಸ್ ಖಾತೆಯಲ್ಲಿಡುವುದು ಮೇಲು.

ಇಷ್ಟಾದ ಮೇಲೆ ಗೈಡ್ ಗಡಿಯಾರ ನೋಡಿಕೊಳ್ಳುತ್ತಾರೆ, ವಾಪಸು ಗಾಡಿಯ ಸಾಲು ಬೆಳೆಯುತ್ತದೆ. ನಮ್ಮಂಥವರು ಕೇಳಬೇಕಾದದ್ದನ್ನು ಇಲ್ಲೇ ಕೇಳಬೇಕು. ಈ ದೇವಾಲಯದಲ್ಲಿ ಕನ್ನಡ, ತೆಲುಗು, ತಮಿಳು ಮೂರು ಭಾಷೆಯ ಶಾಸನಗಳೂ ಇವೆ. ಕನ್ನಡದ ರಾಜಧಾನಿಯಲ್ಲಿ ತಮಿಳು ಅಕ್ಷರವೇಕೆ ಎಂದು ನಮ್ಮೂರ ಹುಡುಗನೊಬ್ಬ ಕೇಳಿದ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಆಡುವ ಹುಡುಗ ಅವನು. ಎರಡೂ ಕಡೆ ‘ನೀನು ಯಾವ ಕಡೆಯವನು?’ ಎಂದು ಕೇಳಿಸಿಕೊಂಡು ಬೆಳೆದವನು. ನಾನು ಅವನನ್ನು ಗಾಡಿ ಹತ್ತಲು ಬಿಡದೆ ಹೊರಗೆ ನಡೆಸಿಕೊಂಡು ಹೋದೆ.

ವಿಠ್ಠಲ ದೇವಾಲಯದ ಸುತ್ತಲಿನ ಪೇಟೆಗೆ ವಿಠ್ಠಲಪುರವೆಂದು ಹೆಸರಿತ್ತು. ಅಲ್ಲಿ ತಿರುಮಂಗೈ ಆಳ್ವಾರರ ಗುಡಿಯಿದೆ. ಆಳ್ವಾರರು ಚೋಳನಾಡಿನವರು, ಹಾಡಿದ್ದು ತಮಿಳಿನಲ್ಲಿ. ಮೊದಲು ಕುದುರೆಯೇರಿದ ದಂಡನಾಯಕ, ಆಮೇಲೆ ಭಕ್ತ ಎಂದು ಸಂಪ್ರದಾಯ ಹೇಳುತ್ತದೆ. ಶ್ರೀವೈಷ್ಣವ ಗುರುಗಳು, ದಂಡಿನವರು, ವರ್ತಕರು ತಮಿಳುನಾಡಿನಿಂದ ಇಲ್ಲಿಗೆ ಬಂದರು. ಇಲ್ಲಿಯವರು ಅಲ್ಲಿಗೆ ಹೋದರು. ನಮ್ಮ ಧರ್ಮಪುರಿ ಸೀಮೆಯೂ ಆಗ ಇದೇ ರಾಜ್ಯಕ್ಕೆ ಸೇರಿತ್ತು. 1565ರ ಯುದ್ಧದ ನಂತರ ರಾಜಧಾನಿ ಹಾಳಾಗಿ, ಅರಸರು ಪೆನುಗೊಂಡೆ, ಚಂದ್ರಗಿರಿ, ವೇಲೂರುಗಳತ್ತ ಸರಿದರು.

ಆ ಗುಡಿಯ ಹತ್ತಿರ ಬ್ಯಾಟರಿ ಗಾಡಿ ನಿಲ್ಲುವುದಿಲ್ಲ, ಹಲಗೆಯ ಮುಂದೆ ಜನವೂ ಇರುವುದಿಲ್ಲ. ಹೋಗುವಾಗ ಗಾಡಿಯಲ್ಲಿ ಹೋಗಿ. ಬರುವಾಗ ನೀರಿನ ಬಾಟಲಿ, ಟೋಪಿ ಇಟ್ಟುಕೊಂಡು ನಡೆದು ಬನ್ನಿ. ಹುಡುಗ ಅಂದು ಬಜಾರಿನ ಆ ತುದಿಯಿಂದ ಈ ತುದಿಯವರೆಗೂ ಪ್ರಶ್ನೆ ಕೇಳುತ್ತಲೇ ಬಂದ, ಅರ್ಧ ಕನ್ನಡದಲ್ಲಿ, ಅರ್ಧ ತಮಿಳಿನಲ್ಲಿ.