ಮಾಣಿಕ್ಯವರ್ಣದ ಗೊಜ್ಜು

ಅಮೆರಿಕದ ಈಶಾನ್ಯ ಕರಾವಳಿಯ ಜೌಗುನೆಲಗಳಲ್ಲಿ ತಾನಾಗಿ ಬೆಳೆಯುತ್ತಿದ್ದ ಕ್ರ್ಯಾನ್‌ಬೆರಿಯನ್ನು ವಾಂಪನಾಗ್ ಮೂಲನಿವಾಸಿಗಳು ಆಹಾರವಾಗಿಯೂ ಔಷಧವಾಗಿಯೂ ಬಳಸುತ್ತಿದ್ದರೆಂಬುದನ್ನು ಸ್ಮರಿಸದೆ ಅದರ ಗೊಜ್ಜಿನ ಚರಿತ್ರೆಯನ್ನು ಆರಂಭಿಸುವುದು ಕೃತಘ್ನತೆಯೇ ಸರಿ. 1796ರಲ್ಲಿ ಅಮೀಲಿಯಾ ಸಿಮನ್ಸ್ ತನ್ನ ಪಾಕಗ್ರಂಥದಲ್ಲಿ ಟರ್ಕಿ ಕೋಳಿಯೊಡನೆ ಈ ಗೊಜ್ಜನ್ನು ಬಡಿಸಬೇಕೆಂದು ಬರೆದಳು. 1816ರ ಸುಮಾರಿಗೆ ಅದೇ ಕರಾವಳಿಯ ಕೇಪ್ ಕಾಡ್‌ನ ಹೆನ್ರಿ ಹಾಲ್, ಗಾಳಿ ತಂದ ಮರಳು ಕವಿದೆಡೆಯಲ್ಲಿ ಕ್ರ್ಯಾನ್‌ಬೆರಿ ಬಳ್ಳಿಗಳು ಹುಲುಸಾಗುವುದನ್ನು ಕಂಡು ಅದರ ಕೃಷಿಗೆ ತೊಡಗಿದನು. 1863ರಲ್ಲಿ ಅಧ್ಯಕ್ಷ ಲಿಂಕನ್ನನು ಕೃತಜ್ಞತಾರ್ಪಣೆಯ ದಿನವನ್ನು ರಾಷ್ಟ್ರಕ್ಕೆ ಸಾರಿದ ಬಳಿಕ ಈ ಗೊಜ್ಜು ಕ್ರಮೇಣ ಹಬ್ಬದೂಟದ ಅವಿಭಾಜ್ಯ ಅಂಗವಾಯಿತು. ಡಬ್ಬಿಯ ಪದಾರ್ಥ ಸುಲಭವಾಗಿ ದೊರೆಯುವ ಈ ಕಾಲದಲ್ಲಿಯೂ, ಸಕ್ಕರೆಯ ಪಾಕದಲ್ಲಿ ಹಣ್ಣುಗಳು ಚಟಚಟನೆ ಸಿಡಿದು ತಮ್ಮದೇ ಪೆಕ್ಟಿನ್‌ನಿಂದ ಗಟ್ಟಿಗೊಳ್ಳುವಾಗ, ಮುಸುಕಿನ ಜೋಳದಿಂದ ಬಟ್ಟಿಯಿಳಿಸಿ ಒಳಮೈ ಸುಟ್ಟ ಓಕ್ ಪೀಪಾಯಿಯಲ್ಲಿ ಮಾಗಿಸಿದ ಬರ್ಬನ್ ವಿಸ್ಕಿಯನ್ನು ಒಂದೆರಡು ಚಮಚ ಬೆರೆಸುವ ಗೃಹಿಣಿಯು, ಆ ನೆಲದ ಎರಡು ಫಲಗಳನ್ನು ಒಂದೇ ಪಾತ್ರೆಯಲ್ಲಿ ಸೇರಿಸಿ, ಪೂರ್ವಿಕರ ಋಣವನ್ನು ಪ್ರೀತಿಯಿಂದ ಸಲ್ಲಿಸುತ್ತಾಳೆ.